ಮೂವತ್ತೊಂದು ಮಂಗಳವಾರ

ಡಾಕ್ಟರ್ ಮೇಡಂ ಕೇಳಿದ್ದು ಇಷ್ಟೇ:
ಹದಿನಾಲ್ಕು ಬೇಸಿಗೆಯ ದಿನಚರಿಯಲ್ಲಿ
ಸತ್ತ ಮಂಗ ಎಷ್ಟು, ಎಲ್ಲಿ, ಯಾವ ವಾರ.
ಪುಸ್ತಕಗಳು ಗೆದ್ದಲಿನ ಪಾಲಾಗುವ ಮುಂಚೆ ನಾಜಿಮಾ
ಒಂದೊಂದೇ ಅಕ್ಷರ ಕುಟ್ಟಿ ಫೈಲು ಮಾಡಿಟ್ಟಿದ್ದಳು,
ತಪ್ಪನ್ನೂ ತಿದ್ದದೆ.
'ಅವರ ತಪ್ಪು ಅವರದ್ದೇ ಇರಲಿ' ಅಂದಿದ್ದಳು.

ಶಿವಮೊಗ್ಗದಲ್ಲಿ ಮಾರ್ಚಿ ಮಧ್ಯಾಹ್ನ.
ಬಿ.ಎಚ್. ರಸ್ತೆಯ ಬಿಸಿಲು ಕಿಟಕಿಯ ಗಾಜಿಗೆ ಒರಗಿದೆ.
ಕಪ್ಪು ಪರದೆ, ಮಿಣುಕುವ ಒಂದು ಗೀಟು.
ಗ್ರೆಪ್ ಎಂದು ಬರೆದು, ಜಾಗ ಬಿಟ್ಟು, ಮಂಗ ಎಂದೆ.
ಎಂಟರ್.

ಬಂದವು ನೋಡಿ, ಮಂಗಗಳಲ್ಲ,
ಮಂಗಳವಾರಗಳು.
ಹದಿನಾಲ್ಕು ವರ್ಷದ್ದೆಲ್ಲ ಒಂದರ ಬಾಲ ಒಂದು ಹಿಡಿದು
ದಬದಬ ಇಳಿದು ಬಂದವು,
ಹಿಂದೆಯೇ ಮಂಗಳೂರು ಬಸ್ಸಿನ ಟಿಕೆಟ್ಟು,
ಮಂಗಳಾರತಿ ತಟ್ಟೆಗೆ ಎರಡು ರೂಪಾಯಿ.

'ಪದ ಪೂರ್ತಿ ಹೊಂದಿದರೆ ಮಾತ್ರ ಕೊಡು' ಅಂದೆ.
ಕೊಟ್ಟಿತು, ಏಳೇ ಏಳು.
ನಮ್ಮ ಭಾಷೆಯಲ್ಲಿ ಶಬ್ದ ಒಂಟಿಯಾಗಿ ನಿಲ್ಲುವುದಾದರೂ ಎಲ್ಲಿ?
ಮಂಗನ, ಮಂಗಕ್ಕೆ, ಮಂಗವೊಂದು, ಮಂಗಗಳೆರಡು,
ವಿಭಕ್ತಿ ಹೊತ್ತವೆಲ್ಲ ಜಗಲಿಯಲ್ಲೇ ಕೂತವು.

ಅಲ್ಲದೆ ಕೆರಿಯಪ್ಪ ಮಂಗ ಎಂದು ಬರೆಯುವವನೇ ಅಲ್ಲ.
ಅವನಿಗೆ ಮುಶ್ಯ ಬೇರೆ, ಕೋಡ ಬೇರೆ.
ನಡುವೆ ನಿಂತ ಗೀಟು ಎಳೆದು ಎರಡನ್ನೂ ಸೇರಿಸಿಕೊಂಡೆ.
ಹಾಲ್ಗೆರೆ ಸುತ್ತಿನ ಅವನ ಸಾಲು:
'ಮುಶ್ಯ ೧, ಹೆಣ್ಣು. ನೇರಳೆ ಬುಡ. ಸುಟ್ಟು ಪೌಡರ್ ಹಾಕಿದೆ.
ಕಾಲಿಗೆ ಹಚ್ಚುವ ಎಣ್ಣೆ ಮುಗಿದಿದೆ, ಕಳುಹಿಸಿ.'

ಉಣ್ಣೆ ಹುಡುಕಿದರೆ
ಸತ್ತ ಮೈಯಿಂದ ಉದುರಿದ್ದೂ ಸಿಕ್ಕಿತು,
ಕುರಿಯ ಮೈಯಿಂದ ಬಂದದ್ದೂ:
'ಉಣ್ಣೆ ಕಂಬಳಿ ೨, ಕಾವಲಿನವರಿಗೆ.'
ಯಂತ್ರ ನಂಬುವುದು ಅಕ್ಷರ.
ಕಚ್ಚುವುದು ಯಾವುದು, ಬೆಚ್ಚಗಿಡುವುದು ಯಾವುದು, ಅದಕ್ಕೇನು.

ಕೊನೆಗೆ ಚೌಕದ ಆವರಣ ಹಾಕಿ ಹೇಳಿದೆ:
ಮಂಗದ ನಂತರ ಏನಾದರೂ ಬರಲಿ, ಳ ಮಾತ್ರ ಬೇಡ.
ವಾರಗಳು ತೊಲಗಿದವು.
ಜೊತೆಗೆ ಸಾಲಿನ ತುದಿಯಲ್ಲಿ ಕೂತಿದ್ದ ಮಂಗಗಳೂ ಮಾಯ,
ಅವುಗಳ ಮುಂದೆ 'ಏನಾದರೂ' ಇರಲಿಲ್ಲವಲ್ಲ.
ಒಂದು ಡಾಲರ್ ಚಿಹ್ನೆ ಕೊಟ್ಟು ಮರಳಿ ಕರೆತಂದೆ.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.
ಬಿಸಾಕಿದ್ದನ್ನು ಒಮ್ಮೆ ಕೆದಕುವುದು ನನ್ನ ಚಾಳಿ,
ಅಕ್ಕಿ ಆರಿಸಿದ ಮೇಲೆ ಕಲ್ಲನ್ನೂ ಎಣಿಸಿದ ಹಾಗೆ.
ಆ ಒಂದು ಹಂಗಾಮು, ನವೆಂಬರಿನಿಂದ ಮೇ,
ಕ್ಯಾಲೆಂಡರಿನಲ್ಲಿ ಮೂವತ್ತು ಮಂಗಳವಾರ.
ಊರು, ಆರತಿ ಕಳೆದ ಮೇಲೂ
ಕಸದಲ್ಲಿ ಮೂವತ್ತೊಂದು.

ಮೂವತ್ತೊಂದನೆಯದು ಗುರುವಾರ.
'ಮಂಗಳಾಗೆ ಜ್ವರ ನಾಲ್ಕು ದಿನ. ಮೂಗಿನಲ್ಲಿ ರಕ್ತ.
ಸುತ್ತಿಗೆ ಬರಲಾರೆ. ಕೆರಿಯಪ್ಪ.'

ಳ ಬೇಡ ಎಂದವಳು ನಾನೇ.

ಮರುದಿನದಿಂದ ಹಾಲ್ಗೆರೆ ಸುತ್ತು ಬೇರೆ ಯಾರದೋ,
'ವಿಶೇಷವಿಲ್ಲ', 'ವಿಶೇಷವಿಲ್ಲ'.
ಮಂಗ್ಳಾ ಎಂದು ಹುಡುಕಿದೆ. ಇಲ್ಲ.
ಮಗಳು: ಯಾರ ಯಾರದೋ. ಹುಡುಗಿ: ಇಲ್ಲ.
ಆಮೇಲೆ ಕೋಣಂದೂರಿನ ದೊಡ್ಡಮ್ಮ
ಮೂವತ್ತು ದಾಟಿದ ನನ್ನನ್ನು ಇವತ್ತಿಗೂ ಕರೆಯುವ ಶಬ್ದ ನೆನಪಾಗಿ
ಕೂಸು ಎಂದು ಕುಟ್ಟಿ,
ತುದಿಯ ಕೊಂಬು ಅಳಿಸಿದೆ,
ವಿಭಕ್ತಿ ಬಂದರೆ ಬರಲಿ, ಬಾಗಿಲು ತೆರೆದಿರಲಿ ಎಂದು.

ಇಪ್ಪತ್ತೆರಡು ದಿನದ ಮೇಲೆ, ಶುಕ್ರವಾರ:
'ಕೋಡ ೧, ಗಂಡು, ಕೊಳೆತಿದೆ. ಕೂಸಿಗೆ ಗಂಜಿ ಇಳೀತು. ಎಣ್ಣೆ ಬಂತು.'

ಯಾವ ಕೂಸು ಎಂದು ಸಾಲು ಹೇಳುವುದಿಲ್ಲ.
ನಾನು ಹೊಂದಿಸಿಕೊಂಡೆ.

ಮೇಡಂಗೆ ಸಂಖ್ಯೆ ಕಳಿಸಿದೆ: ಇನ್ನೂರ ಹನ್ನೊಂದು.
ನಾಜಿಮಾ ಚಾ ತಂದಳು.
'ಈ ಕೆರಿಯಪ್ಪ ಯಾರು, ಗೊತ್ತಾ ನಿಂಗೆ?'
'ಆಳು ಗೊತ್ತಿಲ್ಲ,' ಅಂದಳು, 'ಬರಹ ಗೊತ್ತು. ಹಸಿರು ಶಾಯಿ.
ಎಷ್ಟು ಒತ್ತಿ ಬರೀತಿದ್ದ ಅಂದರೆ
ಕೆಳಗಿನ ಮೂರು ಹಾಳೆಗೂ ಮೂಡಿರೋದು.'